ಎರಡನೇ ಸಲ ಒತ್ತಬೇಡಿ

ಕಳೆದ ರಾಜ್ಯೋತ್ಸವದ ಸಂಜೆ ಶಿವಾಜಿನಗರದ ನಮ್ಮ ಬೀದಿಯಲ್ಲಿ ಒಂದು ಮಿಕ್ಸಿಯ ದೆಸೆಯಿಂದ ಅರ್ಧ ಗಂಟೆ ಜಗಳವಾಯಿತು. ಹುಡುಗರು ಮನೆಮನೆಗೆ ಕೂಪನ್ ಹಂಚಿದ್ದರು. ಈ ಸಲ ಡಬ್ಬಿ ಬೇಡ, ಮಡಚಿದ ಚೀಟಿ ಬೇಡ, ಮೊಬೈಲಿನಲ್ಲೇ ನಂಬರ್ ಎತ್ತುತ್ತೇವೆ ಅಂದರು. ಎತ್ತಿದರು, 47 ಬಂತು. ಆ ಮನೆಯವರು ಊರಿಗೆ ಹೋಗಿದ್ದರು. ‘ಆಳೇ ಇಲ್ಲ, ಇನ್ನೊಂದ್ಸಲ ಒತ್ತೋ’ ಅಂತ ಯಾರೋ ಕೂಗಿದರು. ಒತ್ತಿದ. ಬಂದದ್ದು ಖಜಾಂಚಿಯ ಅತ್ತಿಗೆಯ ನಂಬರ್. ಇನ್ನು ಕೇಳಬೇಕೆ? ‘ಬಡಿಸೋಳು ನಮ್ಮೋಳಾದ್ರೆ ಕೊನೇ ಪಂಕ್ತಿಯಲ್ಲಿ ಕೂತರೇನು’ ಅಂತ ಹಿಂದಿನಿಂದ ಒಬ್ಬಾಕೆ ಅಂದೇಬಿಟ್ಟಳು. ಹುಡುಗರು ಮೋಸ ಮಾಡಿರಲಿಲ್ಲ, ನಾನು ಪಕ್ಕದಲ್ಲೇ ನಿಂತಿದ್ದೆ. ಆದರೆ ಮಾಡಿಲ್ಲ ಅಂತ ತೋರಿಸಲು ಅವರ ಹತ್ತಿರ ಏನೂ ಇರಲಿಲ್ಲ.

ನಮ್ಮ ಕಡೆ ಹಬ್ಬಕ್ಕೆ ಬರವಿಲ್ಲ. ರಂಜಾನ್, ಗಣೇಶ, ಸೆಪ್ಟೆಂಬರ್ 8ರ ಮೇರಿ ಮಾತೆಯ ಹಬ್ಬ, ದೀಪಾವಳಿ, ಕ್ರಿಸ್‌ಮಸ್. ಒಂದೊಂದಕ್ಕೂ ಎಲ್ಲೋ ಒಂದು ಕಡೆ ಲಕ್ಕಿ ಡ್ರಾ. ನೀವೂ ಇವತ್ತಲ್ಲ ನಾಳೆ ಮೈಕ್ ಹಿಡಿದು ನಂಬರ್ ಕೂಗುವವರೇ. ಅದಕ್ಕೆ ಕೂತು ಕೇಳಿ.

ಮೊದಲು ಆ ನಂಬರ್ ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಳ್ಳಿ. ಫೋನಿನ ಸಾಮಾನ್ಯ ಆ್ಯಪ್‌ಗಳ ಒಳಗೆ ಕೂತಿರುವುದು ಒಂದು ಲೆಕ್ಕದ ಸೂತ್ರ. ಬೀಜದ ಹಾಗೆ ಒಂದು ಸಂಖ್ಯೆ ಕೊಟ್ಟರೆ ಅದರಿಂದ ಸಾಲುಸಾಲಾಗಿ ಸಂಖ್ಯೆ ಬೆಳೆಯುತ್ತದೆ. ನೋಡಲು ಅಡ್ಡಾದಿಡ್ಡಿ, ಆದರೆ ಅದೇ ಬೀಜ ಬಿತ್ತಿದರೆ ಅದೇ ಬೆಳೆ. ನಿಜವಾದ ರ‍್ಯಾಂಡಮ್ ನಂಬರ್ ಬೇಕೆಂದರೆ ಲೆಕ್ಕ ಬಿಟ್ಟು ಪ್ರಕೃತಿಯ ಬಳಿಗೆ ಹೋಗಬೇಕು. ಹಳೇ ರೇಡಿಯೊದಲ್ಲಿ ಆಕಾಶವಾಣಿ ಹುಡುಕುತ್ತಾ ಮುಳ್ಳು ತಿರುಗಿಸುವಾಗ ನಡುವೆ ಗೊರ್ ಅಂತ ಬರುತ್ತಿತ್ತಲ್ಲ, ಆ ಸದ್ದು ನೆನಪಿದೆಯೇ? ವಾತಾವರಣದ ಅಂಥ ಗೊರಗೊರದಿಂದಲೇ ಸಂಖ್ಯೆ ತೆಗೆದುಕೊಡುವ ತಾಣ ರ‍್ಯಾಂಡಮ್ ಡಾಟ್ ಆರ್ಗ್. ಐರ್ಲೆಂಡಿನ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮ್ಯಾಡ್ಸ್ ಹಾರ್ 1998ರಲ್ಲಿ ಶುರುಮಾಡಿದ್ದು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕ್ಲೌಡ್‌ಫ್ಲೇರ್ ಕಂಪನಿಯವರು ಒಂದು ಗೋಡೆ ತುಂಬ ಲಾವಾ ದೀಪ ಜೋಡಿಸಿದ್ದಾರೆ. ಒಳಗೆ ಮೇಣ ಕರಗಿ ತೇಲಾಡುವುದನ್ನು ಕ್ಯಾಮೆರಾ ನೋಡುತ್ತದೆ, ಆ ಚಿತ್ರದಿಂದ ಸಂಖ್ಯೆ ಹುಟ್ಟುತ್ತದೆ. ಅಷ್ಟು ದೂರ ಯಾಕೆ, ನಮ್ಮ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯವರೂ ಬೆಳಕಿನ ಕಣಗಳಿಂದ ಸಂಖ್ಯೆ ತೆಗೆದು, ಅದು ನಿಜಕ್ಕೂ ರ‍್ಯಾಂಡಮ್ ಅಂತ ಪ್ರಮಾಣಿಸುವ ಪ್ರಯೋಗವನ್ನು 2024ರಲ್ಲಿ ಪ್ರಕಟಿಸಿದರು.

ಇಷ್ಟೆಲ್ಲ ಹೇಳಿದ್ದು ನಿಮ್ಮನ್ನು ಬೆರಗುಗೊಳಿಸಲು ಅಲ್ಲ. ಒಂದು ಮಿಕ್ಸಿಗೆ ಸಾಧಾರಣ ಆ್ಯಪ್ ಕೂಡ ಬೇಕಾದಷ್ಟಾಯಿತು. ಎಡವಟ್ಟು ಆಗುವುದು ಬಟನ್ ಒತ್ತುವುದಕ್ಕೆ ಮುಂಚೆ, ಇಲ್ಲವೇ ಒತ್ತಿದ ಮೇಲೆ. ನಡುವಿನ ಆ ಒಂದು ಕ್ಷಣ ಮಾತ್ರ ಶುದ್ಧ.

ಹಾಗಾದರೆ ಮುಂಚೆ ಏನು ಮಾಡಬೇಕು? ಪಟ್ಟಿ ಮುಚ್ಚಿ. ಇಷ್ಟು ಗಂಟೆಯ ಮೇಲೆ ಹೆಸರು ಸೇರಿಸುವುದಿಲ್ಲ ಅಂತ ಹೇಳಿ, ಹೇಳಿದ ಮೇಲೆ ನಿಮ್ಮ ಸ್ವಂತ ತಂಗಿ ಓಡಿಬಂದರೂ ಸೇರಿಸಬೇಡಿ. 1ರಿಂದ ಶುರುಮಾಡಿ ಬಿಟ್ಟುಹೋಗದ ಹಾಗೆ ನಂಬರ್ ಕೊಡಿ. ಹರಿದ ಕೂಪನ್ನು, ವಾಪಸ್ ಬಂದ ಕೂಪನ್ನು ಪಟ್ಟಿಯಲ್ಲಿ ಉಳಿಯದಿರಲಿ. ಒಂದೇ ಹೆಸರು ಎರಡು ಸಲ ಬಂದಿದೆಯೇ ನೋಡಿ. ಪಟ್ಟಿಯಲ್ಲಿ 120 ಜನ ಇದ್ದಾಗ ಆ್ಯಪಿನಲ್ಲಿ ಮೊದಲೇ ಇದ್ದ 100ನ್ನು ಬದಲಾಯಿಸದೆ ಒತ್ತಿಬಿಡುತ್ತೀರಿ. ಕೊನೆಯ ಇಪ್ಪತ್ತು ಮನೆಯವರು ಏನು ಪಾಪ ಮಾಡಿದ್ದರು? ಪಟ್ಟಿಯ ಪ್ರತಿಯನ್ನು ಗೋಡೆಗೆ ಅಂಟಿಸಿ, ಬೀದಿಯ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಿ. ಹೆಸರು, ಮನೆ ನಂಬರ್ ಸಾಕು. ಒಂದು ಕುಕ್ಕರ್ ಕೊಡುವುದಕ್ಕೆ ಆಧಾರ್ ಕಾರ್ಡಿನ ಜೆರಾಕ್ಸ್ ಯಾಕ್ರೀ ಕೇಳುತ್ತೀರಿ?

ಗೆದ್ದವರು ಹಾಜರಿಲ್ಲದಿದ್ದರೆ ಏನು ಅನ್ನುವುದೂ ಮೊದಲೇ ತೀರ್ಮಾನವಾಗಲಿ. ಒಂದು ಬಹುಮಾನಕ್ಕೆ ಒಂದೇ ಸಲಕ್ಕೆ ಮೂರು ನಂಬರ್ ಎತ್ತಿ, ಅದೂ ಒಮ್ಮೆ ಬಂದ ನಂಬರ್ ಮತ್ತೆ ಬಾರದ ಹಾಗೆ. ಮೊದಲನೆಯವರು ಇಷ್ಟು ದಿನದೊಳಗೆ ಬಾರದಿದ್ದರೆ ಎರಡನೆಯವರಿಗೆ, ಅವರೂ ಬಾರದಿದ್ದರೆ ಮೂರನೆಯವರಿಗೆ. ಹೀಗೆ ಮಾಡಿದ್ದರೆ ನಮ್ಮ ಬೀದಿಯ ಮಿಕ್ಸಿ ಅಷ್ಟು ಗದ್ದಲ ಮಾಡುತ್ತಿರಲಿಲ್ಲ.

ಯಾವ ತಾಣ, ಎಷ್ಟು ಗಂಟೆಗೆ, ಯಾರು ಒತ್ತುತ್ತಾರೆ ಎಂಬುದನ್ನು ಸಾರಿ. ಒತ್ತುವವರು ಪಟ್ಟಿ ಬರೆದವರಾಗದಿರಲಿ. ಪರದೆ ಎಲ್ಲರಿಗೂ ಕಾಣಲಿ, ಒಬ್ಬರು ವಿಡಿಯೊ ಮಾಡಲಿ. ಬಂದ ನಂಬರನ್ನು ಶಿವಾಜಿನಗರದಲ್ಲಿ ಒಂದೇ ಭಾಷೆಯಲ್ಲಿ ಕೂಗಿ ಸುಮ್ಮನಾಗಬೇಡಿ. ನಲವತ್ತೇಳು, ನಾಪ್ಪತ್ತೇಳು, ಸೈಂತಾಲೀಸ್ ಅಂತ ಮೂರರಲ್ಲೂ ಕೂಗಿ. ಸೈಂತಾಲೀಸ್, ಛಿಯಾಲೀಸ್ ನಡುವೆ ತಡವರಿಸುವವರು ನಾನೊಬ್ಬಳೇ ಅಲ್ಲ. ಆಮೇಲೆ, ಎರಡನೇ ಸಲ ಒತ್ತಬೇಡಿ. ಮೈಕ್ ಕೆಟ್ಟಿತ್ತು, ಸರಿಯಾಗಿ ಕಾಣಲಿಲ್ಲ, ಇದು ಟ್ರಯಲ್ ಅಂದುಕೊಂಡಿದ್ದೆವು, ಯಾವ ನೆಪವೂ ಬೇಡ. ಟ್ರಯಲ್ ಮಾಡುವುದಿದ್ದರೆ ಹಿಂದಿನ ದಿನ ಮನೆಯಲ್ಲಿ ಮಾಡಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಇಲ್ಲಿ ಅದು ಒಂದು ಕ್ಲಿಕ್ಕಿಗೇ ಹೋಗುತ್ತದೆ.

ಅಂಗಡಿಯ ದೊಡ್ಡ ಬಹುಮಾನವೋ, ಇಂದಿರಾನಗರದ ಅಪಾರ್ಟ್‌ಮೆಂಟಿನ ಕಾರ್ ಪಾರ್ಕಿಂಗ್ ಜಾಗವೋ ಆದರೆ ವಿಡಿಯೊ ಸಾಲದು. ಒಳಕೋಣೆಯಲ್ಲಿ ಹತ್ತು ಸಲ ಒತ್ತಿ, ಬೇಕಾದದ್ದು ಬಂದಾಗ ಮಾತ್ರ ಚಿತ್ರೀಕರಿಸಿದರೆ ನೋಡುವವರಿಗೆ ಗೊತ್ತಾಗುವುದು ಹೇಗೆ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ರ‍್ಯಾಂಡಮ್ ಡಾಟ್ ಆರ್ಗ್‌ನಲ್ಲಿ ಇದಕ್ಕೆಂದೇ ಮೂರನೆಯವರಾಗಿ ನಿಂತು ಡ್ರಾ ನಡೆಸಿ ದಾಖಲೆ ಇಡುವ ಸೇವೆಯಿದೆ, ಯಾರು ಬೇಕಾದರೂ ಆಮೇಲೆ ತೆರೆದು ನೋಡಬಹುದು. ಇನ್ನೊಂದು ದಾರಿಯೂ ಉಂಟು. ಅಮೆರಿಕದ ಅಳತೆ-ಮಾನಕಗಳ ಸರ್ಕಾರಿ ಸಂಸ್ಥೆ ನಿಸ್ಟ್ ನಿಮಿಷಕ್ಕೊಂದರಂತೆ ಉದ್ದನೆಯ ರ‍್ಯಾಂಡಮ್ ಸಂಖ್ಯೆ ಪ್ರಕಟಿಸುತ್ತದೆ. ‘ಭಾನುವಾರ ಸಂಜೆ 6ಕ್ಕೆ ಬರುವ ಸಂಖ್ಯೆಯನ್ನು ನಮ್ಮ ಪಟ್ಟಿಯ ಎಣಿಕೆಯಿಂದ ಭಾಗಿಸಿ, ಉಳಿದ ಶೇಷಕ್ಕೆ ಒಂದು ಕೂಡಿಸಿದರೆ ಬರುವುದೇ ಗೆದ್ದ ನಂಬರ್’ ಅಂತ ಶುಕ್ರವಾರವೇ ಬರೆದು ಅಂಟಿಸಿ. ಲೆಕ್ಕ ಬಲ್ಲ ಹುಡುಗ ಒಬ್ಬನಿದ್ದರೆ ಆಯಿತು. ಒತ್ತುವ ಬಟನ್ನೇ ನಿಮ್ಮ ಕೈಯಲ್ಲಿ ಇಲ್ಲದ ಮೇಲೆ ದೂರುವುದು ಯಾರನ್ನು?

ಹಾಗಂತ ಡಬ್ಬಿಯ ಚೀಟಿಯನ್ನು ನಾನು ಹಳಿಯುವುದಿಲ್ಲ. ದೇವರ ಮುಂದೆ ಎರಡು ಚೀಟಿ ಇಟ್ಟು ಮಗುವಿನ ಕೈಯಿಂದ ಎತ್ತಿಸಿದವರೇ ನಾವೆಲ್ಲ. ಆದರೆ ಕುಲುಕುವುದರಲ್ಲಿ ಸೋಮಾರಿತನ ಬೇಡ. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1969ರ ಡಿಸೆಂಬರ್ 1ರಂದು, ಯಾರು ಮೊದಲು ಸೈನ್ಯಕ್ಕೆ ಹೋಗಬೇಕು ಅಂತ ಅಮೆರಿಕದವರು ಹುಟ್ಟಿದ ದಿನಗಳ 366 ಗುಳಿಗೆ ಮಾಡಿ ಗಾಜಿನ ಪಾತ್ರೆಯಿಂದ ಎತ್ತಿದರು. ತಿಂಗಳ ಪ್ರಕಾರ ಸುರಿದು ಸರಿಯಾಗಿ ಕಲಸಿರಲಿಲ್ಲ. ವರ್ಷದ ಕೊನೆಯಲ್ಲಿ ಹುಟ್ಟಿದವರ ದಿನಗಳೇ ಹೆಚ್ಚಾಗಿ ಮೊದಲು ಬಂದವು. ಡಿಸೆಂಬರಿನಲ್ಲಿ ಹೆತ್ತ ತಾಯಂದಿರನ್ನು ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಕಾನೂನಿನ ಮಾತೂ ಕಿವಿಗೆ ಬೀಳಲಿ. ಕರ್ನಾಟಕದಲ್ಲಿ 2007ರಿಂದ ಲಾಟರಿ ಇಲ್ಲ. ಕೂಪನ್ ಪುಕ್ಕಟೆ ಹಂಚಿ ಬಹುಮಾನ ಕೊಡುವುದು ಬೇರೆ, ದುಡ್ಡಿಗೆ ಕೂಪನ್ ಮಾರಿ ಡ್ರಾ ಎತ್ತುವುದು ಬೇರೆ. ಅನುಮತಿಯಿಲ್ಲದ ಲಾಟರಿಗೆ ಭಾರತೀಯ ನ್ಯಾಯ ಸಂಹಿತೆಯ 297ನೇ ಸೆಕ್ಷನ್ ಕಾದಿದೆ. ‘ಗಣೇಶನ ಹೆಸರಲ್ಲಿ ತಾನೇ’ ಅಂತ ನಗಬೇಡಿ. ತಿಂಗಳು ತಿಂಗಳು ಕಂತು ಕಟ್ಟಿಸಿ, ಡ್ರಾದಲ್ಲಿ ಗೆದ್ದವರು ಮುಂದೆ ಕಟ್ಟಬೇಕಿಲ್ಲ ಅನ್ನುವ ಸ್ಕೀಮುಗಳಿಂದಲೂ ದೂರ ಇರಿ. ಅಂಥವನ್ನು 1978ರ ಕಾಯ್ದೆಯೇ ನಿಷೇಧಿಸಿದೆ. ನೋಂದಾಯಿತ ಚಿಟ್ ಫಂಡ್ ಬೇರೆ, ಇದು ಬೇರೆ. ಡ್ರಾದ ಬಹುಮಾನ 10,000 ರೂಪಾಯಿ ದಾಟಿದರೆ ಶೇ 30 ತೆರಿಗೆ ಹಿಡಿದೇ ಕೊಡಬೇಕು. ಸ್ಕೂಟರ್ ಕೊಡುವ ಅಂಗಡಿಯವರೇ, ಆಡಿಟರನ್ನು ಮೊದಲೇ ಕೇಳಿಕೊಳ್ಳಿ.

ಇನ್ನು ನಿಮ್ಮಲ್ಲಿ ಯಾರಿಗಾದರೂ ‘ಇಪ್ಪತ್ತೈದು ಲಕ್ಷ ಬಂದಿದೆ, ಮೊದಲು ಶುಲ್ಕ ಕಟ್ಟಿ’ ಅಂತ ಮೆಸೇಜು ಬಂದರೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಾನು ಕೂಪನ್ ಹಾಕಿದ್ದು ಯಾವಾಗ? ಹಾಕದ ಬಲೆಗೆ ಮೀನು ಬೀಳುವುದುಂಟೇ? ಅಕಸ್ಮಾತ್ ದುಡ್ಡು ಕಳಿಸಿದ್ದರೆ ನಾಚಿಕೆ ಬಿಟ್ಟು ಆ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಿ.

ಮನೆಯೊಳಗಿನ ತೀರ್ಮಾನಗಳಿಗೆ ಬರೋಣ. ಯಾರು ಪಾತ್ರೆ ತೊಳೆಯಬೇಕು, ಕಿಟಕಿ ಸೀಟು ಯಾರಿಗೆ, ರಸೆಲ್ ಮಾರ್ಕೆಟ್ಟಿಗೆ ಚೀಲ ಹಿಡಿದು ಹೋಗುವವರು ಯಾರು, ಇವಕ್ಕೆ ನಂಬರ್ ಎತ್ತಿ, ಖಂಡಿತ ಎತ್ತಿ. ಎಲ್ಲರ ಹಕ್ಕೂ ಸಮ ಇದ್ದಲ್ಲಿ ಇದಕ್ಕಿಂತ ನ್ಯಾಯ ಇಲ್ಲ. ಚುನಾವಣೆಯಲ್ಲಿ ಇಬ್ಬರಿಗೂ ಸಮ ಮತ ಬಂದರೆ ಚೀಟಿ ಎತ್ತಿಯೇ ಗೆದ್ದವರನ್ನು ಆರಿಸುತ್ತಾರೆ, 1951ರ ಕಾಯ್ದೆಯಲ್ಲೇ ಹಾಗಿದೆ. ನಮ್ಮಲ್ಲಿ ಆರ್‌ಟಿಇ ಶಾಲಾ ಸೀಟುಗಳನ್ನು ಹಂಚುವುದು ಆನ್‌ಲೈನ್ ಲಾಟರಿಯಲ್ಲಿ. ತಿರುಮಲದ ಸುಪ್ರಭಾತ ಸೇವೆಗೂ ಕಂಪ್ಯೂಟರ್ ಡಿಪ್ಪಿನಲ್ಲೇ ಹೆಸರು ಬರಬೇಕು. ಆದರೆ ಯಾವ ಡಾಕ್ಟರ ಹತ್ತಿರ ಹೋಗಲಿ, ಯಾವ ಸಾಲ ತೆಗೆಯಲಿ, ಮಗಳಿಗೆ ಯಾವ ಗಂಡು ಅನ್ನುವುದನ್ನು ಐರ್ಲೆಂಡಿನ ಗೊರಗೊರಕ್ಕೆ ಒಪ್ಪಿಸಬೇಡಿ. ಅಲ್ಲಿ ವಿಚಾರಿಸುವ ಕಷ್ಟ ತಪ್ಪಿಸಿಕೊಳ್ಳಲು ಬಟನ್ ಒತ್ತುವುದು ಬರೀ ಸೋಮಾರಿತನ. ನನ್ನ ತಂಗಿಯ ಮಗಳು ಬೆಳಗಿನ ತಿಂಡಿಗೂ ನಂಬರ್ ಎತ್ತುತ್ತಾಳೆ. ಉಪ್ಪಿಟ್ಟು ಬಂದರೆ ದೋಸೆ ಬರುವ ತನಕ ಒತ್ತುತ್ತಾಳೆ. ಅವಳಿಗೆ ಬೇಕಿರುವುದು ದೋಸೆ ಕಣ್ರೀ, ನಂಬರ್ ಅಲ್ಲ.

‘ಮೂರು ವರ್ಷದಿಂದ ನಮ್ಮ ಸಾಲಿಗೆ ಬಂದಿಲ್ಲ, ಈ ಸಲ ಬಂದೇ ಬರುತ್ತೆ’ ಅನ್ನುವವರೂ ಇದ್ದಾರೆ. ಆ ಯಂತ್ರಕ್ಕೆ ನಿಮ್ಮ ಸಾಲೂ ಗೊತ್ತಿಲ್ಲ, ಹೋದ ವರ್ಷವೂ ಗೊತ್ತಿಲ್ಲ.

ಈ ನವೆಂಬರಿಗೆ ನಮ್ಮ ಬೀದಿಯ ಹುಡುಗರು ಪಟ್ಟಿಯನ್ನು ಹಾಲಿನ ಬೂತಿನ ಪಕ್ಕದ ಗೋಡೆಗೆ ಅಂಟಿಸುತ್ತೇವೆ ಅಂದಿದ್ದಾರೆ. ಕನ್ನಡಕ ಹಾಕಿಕೊಂಡು ಹೋಗಿ ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ನನ್ನ ಹೆಸರೇ ಎರಡು ಸಲ ಇದ್ದರೆ ಒಂದನ್ನು ನಾನೇ ಹೊಡೆದುಹಾಕಿ ಬರುತ್ತೇನೆ.