ಕಡಲಾಚೆಯ ಬಿಡಾರ

ಸುಗ್ಗಿ ಮುಗಿದ ಮೇಲೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಬಯಲುಗಳಲ್ಲಿ ಕುರಿಗಾರರ ಬಿಡಾರಗಳು ಕಾಣಸಿಗುತ್ತವೆ. ಹೊಲದ ಒಡೆಯನು ಕರೆದಾಗ ಅವರು ತಮ್ಮ ಹಿಂಡನ್ನು ಅವನ ಹೊಲದಲ್ಲಿ ನಿಲ್ಲಿಸುತ್ತಾರೆ. ಹೊಲಕ್ಕೆ ಗೊಬ್ಬರ ದೊರೆಯುತ್ತದೆ. ಕುರಿಗಾರನಿಗೆ ಕಾಳೋ ಹಣವೋ ಸಲ್ಲುತ್ತದೆ. ಎಷ್ಟೋ ವೇಳೆ ಅವನೊಂದಿಗೆ ಹೆಂಡತಿ ಮಕ್ಕಳೂ ಇರುತ್ತಾರೆ. ಅವರು ಅಲ್ಲಿಯೇ ಒಲೆ ಹೂಡುತ್ತಾರೆ, ಅಲ್ಲಿಯೇ ತೊಟ್ಟಿಲು ಕಟ್ಟುತ್ತಾರೆ. ಆದರೆ ಆ ಹೊಲ ತಮ್ಮದಲ್ಲ, ಒಡೆಯನ ಅಗತ್ಯ ತೀರಿದೊಡನೆ ಬಿಡಾರ ಕೀಳಬೇಕು ಎಂಬುದು ಆ ಕುಟುಂಬದ ಎಲ್ಲರಿಗೂ ತಿಳಿದಿರುತ್ತದೆ.

ಇದೇ ಸೀಮೆಯ ವಿದ್ಯಾವಂತ ತರುಣ ತರುಣಿಯರು ಇಂದು ಕಡಲಾಚೆಯ ನಾಡುಗಳಲ್ಲಿ ಬಿಡಾರ ಹೂಡುತ್ತಿದ್ದಾರೆ. ಗಣಕಯಂತ್ರ, ವೈದ್ಯಕೀಯ, ಶುಶ್ರೂಷೆ, ಎಂಜಿನಿಯರಿಂಗ್ ಮೊದಲಾದ ವಿದ್ಯೆಗಳನ್ನು ಕಲಿತವರನ್ನು ಪರದೇಶದ ಸಂಸ್ಥೆಗಳು ಕರೆಸಿಕೊಳ್ಳುತ್ತವೆ. ಬ್ಯಾಡಗಿಯ ಮೆಣಸಿನಕಾಯಿ ತನ್ನ ಕಡುಗೆಂಪು ಬಣ್ಣದಿಂದಾಗಿ ಹೊರನಾಡುಗಳಲ್ಲಿ ಹೆಸರು ಗಳಿಸಿದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ಸರಕು ಗಡಿ ದಾಟುವಾಗ ಅದರ ತೂಕ, ಗುಣ, ಬೆಲೆಗಳನ್ನು ನೋಡಿದರೆ ಸಾಕು. ಮನುಷ್ಯನು ಗಡಿ ದಾಟುವಾಗ ಲೆಕ್ಕ ಅಷ್ಟಕ್ಕೆ ಮುಗಿಯುವುದಿಲ್ಲ. ಅವನ ಸಂಗಾತಿಯ ಬದುಕು, ಮಕ್ಕಳ ಮುಂದಿನ ದಿನಗಳು, ಊರಿನಲ್ಲಿ ಉಳಿದ ತಂದೆತಾಯಿಗಳು ಇವೆಲ್ಲವೂ ಆ ಒಂದು ಪಯಣಕ್ಕೆ ಸೇರಿಕೊಂಡಿರುತ್ತವೆ.

ವೀಸಾ ಎಂದರೆ ಒಂದು ದೇಶವು ಅನ್ಯದೇಶೀಯರಿಗೆ ತನ್ನ ನೆಲಕ್ಕೆ ಬರಲು ಕೊಡುವ ಅನುಮತಿ. ಪ್ರವಾಸಿಗೆ ಒಂದು ಬಗೆಯ ವೀಸಾ, ವಿದ್ಯಾರ್ಥಿಗೆ ಇನ್ನೊಂದು ಬಗೆ, ಕೆಲಸಗಾರನಿಗೆ ಮತ್ತೊಂದು. ಅಮೆರಿಕದ ಸಂಯುಕ್ತ ಸಂಸ್ಥಾನವು 1965ರಲ್ಲಿ ತನ್ನ ವಲಸೆ ಕಾನೂನನ್ನು ತಿದ್ದಿ, ಹುಟ್ಟಿದ ದೇಶವನ್ನು ನೋಡಿ ಪಾಲು ಹಂಚುವ ಹಳೆಯ ಪದ್ಧತಿಯನ್ನು ಕೈಬಿಟ್ಟಿತು. ಅನಂತರ ಭಾರತದ ವೈದ್ಯರೂ ಎಂಜಿನಿಯರುಗಳೂ ಅಲ್ಲಿಗೆ ಹೆಚ್ಚಾಗಿ ಹೋಗತೊಡಗಿದರು. 1990ರ ಕಾನೂನು ಎಚ್-1ಬಿ ಎಂಬ ತಾತ್ಕಾಲಿಕ ವೀಸಾವನ್ನು ರೂಪಿಸಿತು. ಕನಿಷ್ಠ ಪಕ್ಷ ಪದವಿಯ ವಿದ್ಯೆ ಬೇಕಾದ ವಿಶೇಷ ವೃತ್ತಿಗಳಿಗೆ ಇದು ಮೀಸಲು. ಇತ್ತೀಚಿನ ವರ್ಷಗಳಲ್ಲಿ ಮಂಜೂರಾದ ಇಂಥ ಅರ್ಜಿಗಳಲ್ಲಿ ಹತ್ತಕ್ಕೆ ಸುಮಾರು ಏಳು ಭಾರತದಲ್ಲಿ ಹುಟ್ಟಿದವರವು. ಆದುದರಿಂದ ಇದರ ಸ್ವರೂಪವನ್ನು ತಿಳಿದರೆ ತಾತ್ಕಾಲಿಕ ವೀಸಾದ ಒಳಿತು ಕೆಡುಕುಗಳು ಸ್ಪಷ್ಟವಾಗುತ್ತವೆ.

ಎಚ್-1ಬಿ ವೀಸಾಕ್ಕಾಗಿ ಮೊದಲು ಅರ್ಜಿ ಸಲ್ಲಿಸುವವನು ಕೆಲಸಗಾರನಲ್ಲ, ಕೆಲಸ ಕೊಡುವ ಸಂಸ್ಥೆ. ವರ್ಷಕ್ಕೆ 65,000 ಮಂದಿಗೂ, ಅಮೆರಿಕದಲ್ಲಿಯೇ ಸ್ನಾತಕೋತ್ತರ ಪದವಿ ಪಡೆದ ಇನ್ನು 20,000 ಮಂದಿಗೂ ಮಾತ್ರ ಹೊಸದಾಗಿ ಅವಕಾಶವಿದೆ. ಬೇಡಿಕೆ ಇದಕ್ಕಿಂತ ಬಹಳ ಹೆಚ್ಚಾಗಿರುವುದರಿಂದ ಯಾರಿಗೆ ಅವಕಾಶ ಎಂಬುದು ಅದೃಷ್ಟದ ಮಾತೂ ಆಗಿದೆ. 2025ರ ಸೆಪ್ಟೆಂಬರಿನಲ್ಲಿ ಹೊರಟ ಒಂದು ಆಜ್ಞೆಯು, ಹೊರದೇಶಗಳಿಂದ ಹೊಸಬರನ್ನು ಕರೆಸಿಕೊಳ್ಳುವ ಅರ್ಜಿಗಳ ಮೇಲೆ 1,00,000 ಡಾಲರುಗಳ ಹೊರೆಯನ್ನು ಹೇರಿತು. ಒಂದು ಸಹಿಯಿಂದ ನಿಯಮವು ಎಷ್ಟು ಬದಲಾಗಬಲ್ಲದು ಎಂಬುದಕ್ಕೆ ಇದೊಂದು ನಿದರ್ಶನ. ವೀಸಾದ ಅವಧಿ ಮೊದಲು 3 ವರ್ಷ. ಅದನ್ನು ಸಾಮಾನ್ಯವಾಗಿ 6 ವರ್ಷಗಳವರೆಗೆ ವಿಸ್ತರಿಸಬಹುದು. ಕೆಲಸ ಹೋದರೆ, 2017ರಿಂದ ಜಾರಿಯಲ್ಲಿರುವ ನಿಯಮದಂತೆ, ಹೆಚ್ಚೆಂದರೆ 60 ದಿನಗಳ ಕಾಲಾವಕಾಶ ದೊರೆಯುತ್ತದೆ. ಅಷ್ಟರೊಳಗೆ ಬೇರೆ ಸಂಸ್ಥೆಯು ಅವನ ಪರವಾಗಿ ಅರ್ಜಿ ಸಲ್ಲಿಸಬೇಕು, ಅಥವಾ ಅವನು ಬೇರೊಂದು ಬಗೆಯ ಅನುಮತಿಯನ್ನು ಕೋರಬೇಕು; ಇಲ್ಲವಾದರೆ ದೇಶ ಬಿಡಬೇಕು. ಬಾಡಿಗೆಯ ಮನೆ, ಮಕ್ಕಳ ಶಾಲೆ, ತೀರದ ಸಾಲ ಇವೆಲ್ಲದರ ಗತಿ ಆ 60 ದಿನಗಳಲ್ಲಿ ನಿರ್ಧಾರವಾಗಬೇಕಾಗುತ್ತದೆ.

ಕೆಲಸಗಾರನ ಗಂಡ ಅಥವಾ ಹೆಂಡತಿಗೂ, 21 ವರ್ಷ ತುಂಬದ ಅವಿವಾಹಿತ ಮಕ್ಕಳಿಗೂ ದೊರೆಯುವುದು ಎಚ್-4 ಎಂಬ ಅವಲಂಬಿತರ ವೀಸಾ. ಇದಕ್ಕೆ ತನ್ನದೇ ಆದ ನೆಲೆಯಿಲ್ಲ. ಮೂಲ ವೀಸಾ ಇರುವವರೆಗೆ ಇದು ಉಂಟು, ಅದು ಹೋದರೆ ಇದೂ ಹೋಗುತ್ತದೆ. ಬಹುಕಾಲ ಈ ವೀಸಾದ ಮೇಲೆ ಹೋದ ಸಂಗಾತಿಯು ಅಲ್ಲಿ ಸಂಬಳದ ಕೆಲಸ ಮಾಡುವಂತಿರಲಿಲ್ಲ. 2015ರ ಮೇ ತಿಂಗಳಿನಿಂದ, ಮೂಲ ವೀಸಾದವನ ಕಾಯಂ ವಾಸದ ಅರ್ಜಿಯು ಒಂದು ಹಂತವನ್ನು ದಾಟಿದ್ದರೆ ಮಾತ್ರ, ಸಂಗಾತಿಯು ಕೆಲಸದ ಅನುಮತಿಯನ್ನು ಪಡೆಯಬಹುದಾಗಿದೆ. ಹೀಗೆ ಅವಲಂಬಿತರಾಗಿ ಹೋಗುವವರಲ್ಲಿ ಹೆಂಗಸರೇ ಹೆಚ್ಚು. ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ದುಡಿಯುತ್ತಿದ್ದ ಹೆಣ್ಣುಮಗಳು ಅಲ್ಲಿಗೆ ಹೋದೊಡನೆ ಕೈಕಟ್ಟಿ ಕುಳಿತುಕೊಳ್ಳಬೇಕಾದ ಸ್ಥಿತಿಯುಂಟಾಗಬಹುದು. ಕೆಲವು ವರ್ಷ ಬಳಸದೆ ಬಿಟ್ಟ ವಿದ್ಯೆಗೆ ಮರಳಿ ಬಂದಾಗ ಹಿಂದಿನ ಬೆಲೆ ಸಿಗುವುದು ಕಷ್ಟ. ಗಂಡನ ಸಂಬಳ ಎಷ್ಟೆಂದು ಕೇಳುವವರು, ಆ ಸಂಬಳಕ್ಕಾಗಿ ಹೆಂಡತಿ ಬಿಟ್ಟುಕೊಟ್ಟುದು ಎಷ್ಟೆಂಬುದನ್ನೂ ಕೇಳಬೇಕು.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮವಾದುದು. ಕಾಗಿನೆಲೆಯಲ್ಲಿ ಹುಟ್ಟಿದ ನಾಲ್ಕು ವರ್ಷದ ಮಗುವೊಂದು ತಂದೆತಾಯಿಗಳೊಡನೆ ಅಮೆರಿಕಕ್ಕೆ ಹೋಯಿತೆಂದು ಭಾವಿಸೋಣ. ತಂದೆ ಕಾಯಂ ವಾಸಕ್ಕಾಗಿ ಅರ್ಜಿ ಹಾಕುತ್ತಾನೆ. ಆ ದೇಶ ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಕೊಡುವ ಕಾಯಂ ವಾಸದ ಅನುಮತಿಗಳು ಸುಮಾರು 1,40,000. ಹೆಂಡತಿ ಮಕ್ಕಳೂ ಈ ಲೆಕ್ಕದೊಳಗೇ ಸೇರುತ್ತಾರೆ. ಸಾಮಾನ್ಯವಾಗಿ ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಇದರಲ್ಲಿ ಶೇಕಡಾ 7ಕ್ಕಿಂತ ಹೆಚ್ಚಿನ ಪಾಲು ಇಲ್ಲ. ಭಾರತದಿಂದ ಹೋದವರು ಬಹಳ ಮಂದಿ ಇರುವುದರಿಂದ ಅವರ ಸರದಿ ಹಲವು ವರ್ಷಗಳು, ಕೆಲವರಿಗೆ ದಶಕಗಳು, ಕಾದರೂ ಬರುವುದಿಲ್ಲ. ಸರದಿಯಲ್ಲಿ ನಿಂತವರ ವೀಸಾ 6 ವರ್ಷಗಳ ಆಚೆಗೂ ಮುಂದುವರಿಯುತ್ತದೆ. ಈ ನಡುವೆ ಮಗು ಅಲ್ಲಿಯ ಶಾಲೆಯಲ್ಲಿ ಓದಿ, ಅಲ್ಲಿಯ ಮಾತನ್ನೇ ಆಡಿ ಬೆಳೆಯುತ್ತದೆ. ಅದಕ್ಕೆ 21 ವರ್ಷ ತುಂಬಿದಾಗ ಅವಲಂಬಿತರ ವೀಸಾ ಮುಗಿಯುತ್ತದೆ. ಇಂಥ ಮಕ್ಕಳ ರಕ್ಷಣೆಗೆ 2002ರಲ್ಲಿ ಮಾಡಿದ ಕಾನೂನೊಂದು ಉಂಟಾದರೂ ಅದರ ಆಸರೆ ಎಲ್ಲರಿಗೂ ದೊರೆಯುವುದಿಲ್ಲ. ಆಸರೆ ಸಿಗದವರು ತಾವು ಬೆಳೆದ ನಾಡಿನಲ್ಲಿಯೇ ವಿದೇಶೀ ವಿದ್ಯಾರ್ಥಿಗಳೆನಿಸಿಕೊಳ್ಳಬೇಕು, ಇಲ್ಲವೆ ನೆನಪಿನಲ್ಲೂ ಮಸುಕಾದ ಹುಟ್ಟೂರಿಗೆ ಮರಳಬೇಕು. ಕಾಗದದ ಮೇಲೆ ತಾತ್ಕಾಲಿಕವೆಂದು ಬರೆದಿದ್ದರೂ, ಆ ಅವಧಿಯಲ್ಲಿ ಕಳೆದುಹೋದ ಬಾಲ್ಯವು ತಾತ್ಕಾಲಿಕವಲ್ಲ.

ಎಲ್ಲ ದೇಶಗಳ ನಿಯಮವೂ ಒಂದೇ ಬಗೆಯದಲ್ಲ. ಜರ್ಮನಿಯಲ್ಲಿ 2012ರಿಂದ ಜಾರಿಯಲ್ಲಿರುವ ನೀಲಿ ಕಾರ್ಡಿನ ಮೇಲೆ ಹೋದವರ ಸಂಗಾತಿಯು ಯಾವ ಕೆಲಸವನ್ನಾದರೂ ಮಾಡಬಹುದು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಾಂ, ಅಥವಾ ವಸತಿಯ ಜೊತೆಗೆ 3,000 ದಿರ್ಹಾಂ ಸಂಬಳ ಬೇಕೆಂಬ ನಿಯಮವಿದೆ. ಬ್ರಿಟನ್ 2020ರ ಡಿಸೆಂಬರಿನಲ್ಲಿ ಕುಶಲ ಕೆಲಸಗಾರರ ವೀಸಾವನ್ನು ಆರಂಭಿಸಿ, ಅವರ ಕುಟುಂಬಕ್ಕೂ ಅವಕಾಶ ಕೊಟ್ಟಿತು. ಆದರೆ 2024ರ ಮಾರ್ಚಿನಿಂದ, ವೃದ್ಧರನ್ನೂ ಅಶಕ್ತರನ್ನೂ ಆರೈಕೆ ಮಾಡಲು ಹೊಸದಾಗಿ ಹೋಗುವವರು ತಮ್ಮ ಹೆಂಡತಿ ಮಕ್ಕಳನ್ನಾಗಲಿ ಗಂಡನನ್ನಾಗಲಿ ಕರೆದೊಯ್ಯುವಂತಿಲ್ಲವೆಂದು ವಿಧಿಸಿತು. ಪರರ ಮನೆಯ ಹಿರಿಯರನ್ನು ನೋಡಿಕೊಳ್ಳಲು ಹೋದವರು ತಮ್ಮ ಮಕ್ಕಳಿಂದ ದೂರವಿರಬೇಕಾಯಿತು.

ಇಂಥ ಅಗಲಿಕೆಯ ಕಥೆ ಕಾಗಿನೆಲೆಗೆ ಹೊಸದಲ್ಲ. ಈ ಊರಿನ ಆದಿಕೇಶವನ ಹೆಸರನ್ನು ತಮ್ಮ ಕೀರ್ತನೆಗಳ ಅಂಕಿತವಾಗಿಸಿಕೊಂಡ ಕನಕದಾಸರು ನಳಚರಿತ್ರೆಯನ್ನು ರಚಿಸಿದರು. ಜೂಜಿನಲ್ಲಿ ರಾಜ್ಯವನ್ನು ಕಳೆದುಕೊಂಡ ನಳನ ಕಥೆ ಎಲ್ಲರಿಗೂ ತಿಳಿದುದೇ. ಮಕ್ಕಳಿಬ್ಬರೂ ತಾಯಿಯ ತವರಿನ ಪಾಲಾದರು. ನಳ ದಮಯಂತಿಯರೂ ಕಾಡಿನಲ್ಲಿ ಬೇರೆಯಾದರು. ನಳನು ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣ ರಾಜನ ಬಳಿ ಊಳಿಗಕ್ಕೆ ನಿಂತನು. ಪರರಾಜ್ಯದಲ್ಲಿ ಅವನ ಕೈಹಿಡಿದುದು ಅರಸುತನವಲ್ಲ, ಕುದುರೆಗಳನ್ನು ನಡೆಸುವ ವಿದ್ಯೆ. ಆದರೆ ಆ ವಿದ್ಯೆಯಿಂದ ಹೊಟ್ಟೆ ತುಂಬಿತೇ ಹೊರತು ಮನಸ್ಸು ತುಂಬಲಿಲ್ಲ. ಕುಟುಂಬವು ಮತ್ತೆ ಒಂದುಗೂಡಿದಾಗಲೇ ಅವನ ಕಷ್ಟ ಕೊನೆಗೊಂಡಿತು.

ಹಣದ ಲೆಕ್ಕವನ್ನೂ ಸರಿಯಾಗಿ ಅರಿಯಬೇಕು. ಅಮೆರಿಕದಲ್ಲಿ ದುಡಿಯುವವರ ಸಂಬಳದಿಂದ ಸಾಮಾಜಿಕ ಭದ್ರತೆಯ ವಂತಿಗೆಯನ್ನು ಹಿಡಿಯಲಾಗುತ್ತದೆ. ವೃದ್ಧಾಪ್ಯದಲ್ಲಿ ಅದರ ಫಲವನ್ನು ಪಡೆಯಲು ಸಾಮಾನ್ಯವಾಗಿ 10 ವರ್ಷಗಳ ದುಡಿಮೆ ಬೇಕು. ವೀಸಾದ ಸಾಮಾನ್ಯ ಅವಧಿಯೋ 6 ವರ್ಷ! ಅಷ್ಟಕ್ಕೇ ಮರಳಿದವರು ಕಟ್ಟಿದ ಹಣ ಅಲ್ಲಿಯೇ ಉಳಿಯುತ್ತದೆ. ಬ್ರಿಟನ್ನಿನಲ್ಲಿ 2024ರ ಫೆಬ್ರವರಿಯಲ್ಲಿ ನಿಗದಿಯಾದ ದರದಂತೆ, ಆರೋಗ್ಯ ಸೇವೆಗಾಗಿ ವರ್ಷಕ್ಕೆ ದೊಡ್ಡವರಿಗೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್ ಸಲ್ಲಿಸಬೇಕು. ತಂದೆ, ತಾಯಿ, ಇಬ್ಬರು ಮಕ್ಕಳು 5 ವರ್ಷಕ್ಕೆ ಹೋಗುವುದಾದರೆ ಇದೊಂದೇ 18,110 ಪೌಂಡ್ ಆಗುತ್ತದೆ. ಅದನ್ನೂ ವೀಸಾ ಕೇಳುವಾಗಲೇ ಕಟ್ಟಬೇಕು. ಸಂಬಳವನ್ನು ರೂಪಾಯಿಗೆ ಪರಿವರ್ತಿಸಿ ಹಿಗ್ಗುವವರು ಖರ್ಚನ್ನೂ ಹಾಗೆಯೇ ಪರಿವರ್ತಿಸಿ ನೋಡುವುದು ಒಳ್ಳೆಯದು.

ಇಷ್ಟೆಲ್ಲ ಇದ್ದರೂ ಪರದೇಶಕ್ಕೆ ಹೋಗುವುದೇ ತಪ್ಪೆಂದು ಯಾರೂ ಭಾವಿಸಬೇಕಾಗಿಲ್ಲ. ಹೊಸ ವಿದ್ಯೆ, ಹೊಸ ಕಾರ್ಯಪದ್ಧತಿ, ವಿಶಾಲವಾದ ದೃಷ್ಟಿ ಇವು ಅಲ್ಲಿಂದ ದೊರೆಯುತ್ತವೆ. ಅಲ್ಲಿಂದ ಬಂದ ಹಣದಿಂದ ಊರಿನಲ್ಲಿ ತಂಗಿಯ ಓದು ಮುಂದುವರಿದುದುಂಟು, ತಂದೆಯ ಸಾಲ ತೀರಿದುದುಂಟು. ದೂರ ಹೋದವರು ಕನ್ನಡವನ್ನು ಮರೆತೇಬಿಟ್ಟರೆಂದು ಹೇಳುವುದೂ ಸರಿಯಲ್ಲ. ಉತ್ತರ ಕ್ಯಾಲಿಫೋರ್ನಿಯದ ಕನ್ನಡ ಕೂಟ 1973ರಲ್ಲಿಯೇ ಹುಟ್ಟಿತು. ಅಮೆರಿಕದ ಕನ್ನಡ ಕೂಟಗಳ ಆಗರವಾದ ‘ಅಕ್ಕ’ 1998ರಲ್ಲಿ ರೂಪುಗೊಂಡಿತು. ವಾರದ ರಜೆಯ ದಿನ ಮಕ್ಕಳನ್ನು ಕೂರಿಸಿಕೊಂಡು ಕನ್ನಡದ ಅಕ್ಷರ ತಿದ್ದಿಸುವ ಶಾಲೆಗಳು ಅಲ್ಲಿ ಹಲವು ಊರುಗಳಲ್ಲಿವೆ. ಇದು ಕೇವಲ ಅಭಿಮಾನದ ಮಾತಲ್ಲ. ಬಿಡಾರ ಕೀಳಬೇಕಾಗಿ ಬಂದ ದಿನ ಆ ಮಗು ಅಜ್ಜಿಯೊಡನೆ ಮಾತಾಡಬೇಕು. ಊರಿನ ಶಾಲೆಯಲ್ಲಿ ಕುಳಿತು ಪಾಠ ಕೇಳಬೇಕು. ಕರ್ನಾಟಕದ ಶಾಲೆಗಳಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಯಬೇಕೆಂದು 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ವಿಧಿಸಿದೆ. ಪರನಾಡಿನಲ್ಲಿ ಕಲಿತ ನಾಲ್ಕು ಅಕ್ಷರ ಆಗ ಆ ಮಗುವಿನ ಕೈಹಿಡಿಯುತ್ತದೆ.

ಹೊರಡುವ ಮುನ್ನ ತಿಳಿಯಬೇಕಾದ ಸಂಗತಿಗಳು ನಮ್ಮ ದೇಶದ ಕಾನೂನಿನಲ್ಲಿಯೂ ಉಂಟು. 1983ರ ವಲಸೆ ಅಧಿನಿಯಮದಡಿ, 10ನೆಯ ತರಗತಿಯಲ್ಲಿ ತೇರ್ಗಡೆಯಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕಾಗಿ ಹೋಗಬೇಕಾದರೆ ಸಾಮಾನ್ಯವಾಗಿ ಸರ್ಕಾರದ ಅನುಮತಿಯನ್ನು ಪಡೆಯಬೇಕು. ಓದು ಕಡಿಮೆಯಿದ್ದವರು ಮೋಸ ಹೋಗದಿರಲೆಂಬುದೇ ಇದರ ಉದ್ದೇಶ. ಕೆಲಸ ಕೊಡಿಸುವ ದಲ್ಲಾಳಿಯು ಸರ್ಕಾರದಲ್ಲಿ ನೋಂದಾಯಿಸಿಕೊಂಡವನಾಗಿರಬೇಕು. ಅವನು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ ತೆರಿಗೆಯನ್ನು ಬಿಟ್ಟು 30,000 ರೂಪಾಯಿಗಳ ಮಿತಿಯುಂಟು. ಇದನ್ನು ಅರಿಯದೆ ಹೊಲವನ್ನು ಒತ್ತೆಯಿಟ್ಟು ಲಕ್ಷಗಳನ್ನು ಸುರಿದು ಕೆಟ್ಟವರು ನಾಡಿನ ಎಲ್ಲ ಕಡೆಗಳಲ್ಲಿಯೂ ಇದ್ದಾರೆ.

ಹೋಗಬೇಕೇ, ಇರಬೇಕೇ ಎಂಬುದು ಆಯಾ ಕುಟುಂಬದ ತೀರ್ಮಾನ. ಆದರೆ ಆ ತೀರ್ಮಾನವನ್ನು ದುಡಿಯುವವನೊಬ್ಬನೇ ಮಾಡಬಾರದು. ವೀಸಾದ ಮೇಲೆ ಬರೆದಿರುವುದು ಒಬ್ಬನ ಕೆಲಸದ ಹೆಸರು. ಅದರ ಮೇಲೆ ನಿಲ್ಲುವುದು ಇಡೀ ಕುಟುಂಬ. ಸಂಗಾತಿಗೆ ಅಲ್ಲಿ ಕೆಲಸವುಂಟೇ, ಅವಧಿ ಮುಗಿಯುವಾಗ ಮಗುವಿಗೆ ಎಷ್ಟು ವಯಸ್ಸಾಗಿರುತ್ತದೆ, ಕೆಲಸ ಹೋದರೆ ಎಷ್ಟು ತಿಂಗಳು ತಾಳಿಕೊಳ್ಳಬಹುದು, ಊರಿನಲ್ಲಿರುವ ಹಿರಿಯರಿಗೆ ಜ್ವರ ಬಂದರೆ ಔಷಧಿ ತರುವವರಾರು ಎಂಬ ನಾಲ್ಕು ಪ್ರಶ್ನೆಗಳನ್ನು ಮನೆಯವರೆಲ್ಲ ಒಟ್ಟಿಗೆ ಕುಳಿತು ಕೇಳಿಕೊಳ್ಳಬೇಕು. ಉತ್ತರಗಳನ್ನು ತಿಳಿದು ಹೋದವರಿಗೆ ಪರನಾಡಿನ ಕಷ್ಟ ಅನಿರೀಕ್ಷಿತವೆನಿಸುವುದಿಲ್ಲ. ತಿಳಿದು ಊರಿನಲ್ಲಿಯೇ ಉಳಿದವರಿಗೆ ಪಶ್ಚಾತ್ತಾಪ ಇರುವುದಿಲ್ಲ.