ಬೆನ್ನುನೋವೂ ಅದರ ಸಹಜೋಪಾಯಗಳೂ

ಮಳೆಗಾಲದಲ್ಲಿ ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಕಡೆ ಹೋದವರು ಹೊಗೆಸೊಪ್ಪಿನ ಹೊಲಗಳಲ್ಲಿ ಎಲೆ ಮುರಿಯುವವರನ್ನು ಕಂಡಿರಬಹುದು. ಈ ಗಿಡದ ಎಲೆ ಬುಡದಿಂದ ಮೇಲಕ್ಕೆ ಮಾಗುತ್ತ ಹೋಗುವುದು. ಆದುದರಿಂದ ಮೊದಲ ಕೊಯ್ಲಿನಲ್ಲಿ ನೆಲಕ್ಕೆ ಸಮೀಪದ ಎಲೆಗಳನ್ನೇ, ಸೊಂಟ ಬಗ್ಗಿಸಿ ಮುರಿಯಬೇಕು. ಬಳಿಕ ಹೊರೆ ಹೊತ್ತು ಬ್ಯಾರನ್ನಿಗೆ ಸಾಗಿಸಬೇಕು. ಕೃಷ್ಣರಾಜನಗರದ ನಾಲೆಯ ಬಯಲಿನಲ್ಲಿ ಭತ್ತದ ನಾಟಿ ಹಾಕುವ ಹೆಂಗಸರದೂ ಇದೇ ಭಂಗಿ. ಸಂಜೆ ಇವರ ಸೊಂಟ ನೋಯುವುದೇಕೆ? ಅದಕ್ಕೆ ಸಹಜವಾದ ಉಪಾಯಗಳಾವುವು?

ಬೆನ್ನೆಲುಬು ಒಂದೇ ಎಲುಬಲ್ಲ. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಹೀಗೆ 24 ಬಿಡಿ ಮಣಿಗಳು ಅದರಲ್ಲಿವೆ. ಕತ್ತಿನ ಮೇಲ್ತುದಿಯ ಎರಡನ್ನು ಬಿಟ್ಟರೆ, ಮಣಿಮಣಿಗಳ ನಡುವೆ ನೀರಿನಂಶ ತುಂಬಿದ ಮೆತ್ತೆಗಳುಂಟು. ಬಗ್ಗಿದಾಗ ಇಡೀ ಮುಂಡವು ಏತದ ಮರದಂತೆ ಒಂದು ಸನ್ನೆಯಾಗುವುದು. 50 ಕಿಲೋಗ್ರಾಂ ತೂಕದ ವ್ಯಕ್ತಿಯ ಸೊಂಟದಿಂದ ಮೇಲಿನ ಭಾಗ ಸುಮಾರು 30 ಕಿಲೋಗ್ರಾಂ ಎನ್ನೋಣ. ಪೂರ್ತಿ ಬಗ್ಗಿದಾಗ ಆ ಭಾರವು ಸೊಂಟದ ಮಣಿಯಿಂದ ಸುಮಾರು 25 ಸೆಂಟಿಮೀಟರ್ ದೂರದಲ್ಲಿ ಜಗ್ಗುತ್ತದೆ. ಅದನ್ನು ಹಿಡಿದಿಡಬೇಕಾದ ಹಿಂಬದಿಯ ಸ್ನಾಯುಗಳಿರುವುದು ಮಣಿಯಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿ. ಸನ್ನೆಯ ನಿಯಮದಂತೆ ಅವು 150 ಕಿಲೋಗ್ರಾಂ ಭಾರಕ್ಕೆ ಸಮನಾಗಿ ಎಳೆಯಬೇಕಾಗುವುದು! ಕೈಯಲ್ಲಿ ಇನ್ನೂ ಒಂದೆಲೆಯೂ ಇಲ್ಲ ಎಂಬುದನ್ನು ಗಮನಿಸಿರಿ. ಮೊಬೈಲಿನ ಮೇಲೆ ಗಂಟೆಗಟ್ಟಲೆ ತಲೆ ಬಾಗಿಸುವ ವಿದ್ಯಾರ್ಥಿಯ ಕತ್ತಿನಲ್ಲೂ ಇದೇ ಸನ್ನೆ ಕೆಲಸ ಮಾಡುತ್ತಿದೆ. ತಲೆಯ ತೂಕವೇ 5 ಕಿಲೋಗ್ರಾಂನಷ್ಟು.

ಬೆನ್ನು ಹಿಡಿದುಕೊಂಡರೆ ಅಲುಗದೆ ಮಲಗಬೇಕೆಂದು ವೈದ್ಯರೇ ಬಹುಕಾಲ ಹೇಳುತ್ತಿದ್ದರು. ಮಲಗಿದಾಗ ಮೆತ್ತೆಗಳ ಮೇಲಿನ ಒತ್ತಡ ಬಹಳ ತಗ್ಗುವುದೂ ನಿಜವೇ. ಆದರೆ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ನಡೆಸಿ 1995ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ ಹೊಸದಾಗಿ ಸೊಂಟ ನೋಯತೊಡಗಿದವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಇನ್ನೊಂದಕ್ಕೆ ವ್ಯಾಯಾಮ. ಮೂರನೆಯವರು ನೋವು ತಡೆಯುವಷ್ಟರ ಮಟ್ಟಿಗೆ ನಿತ್ಯದ ಕೆಲಸಗಳಲ್ಲೇ ಇರಬೇಕು. ಬೇಗ ಚೇತರಿಸಿಕೊಂಡವರು ಮೂರನೆಯವರು. ದಿನಗೂಲಿಯವನಿಗೆ ಇದು ಸಣ್ಣ ಮಾತಲ್ಲ. ವಾರಗಟ್ಟಲೆ ಮಲಗೆಂದರೆ ಕೂಲಿಯೂ ಹೋಯಿತು, ವಾಸಿಯಾಗುವುದೂ ತಡವಾಯಿತು. ಹಾಗೆಂದು ನೋಯುವ ಸೊಂಟದಲ್ಲೇ ಮೂಟೆ ಎತ್ತಬೇಕೆಂದಲ್ಲ. ನಡೆದಾಡಬೇಕು, ಹಗುರವಾದ ಕೆಲಸ ಮಾಡಬೇಕು.

ಇನ್ನೊಂದು ಸಂಗತಿ ಕುತೂಹಲಕರ. ರಾತ್ರಿ ಮಲಗಿದಾಗ ಮೆತ್ತೆಗಳು ನೀರು ಹೀರಿ ಉಬ್ಬುವುವು. ಬೆಳಗ್ಗೆ ನಾವು ಒಂದು ಸೆಂಟಿಮೀಟರಿಗೂ ಮಿಗಿಲಾಗಿ ಎತ್ತರವಾಗಿರುತ್ತೇವೆ. ಉಬ್ಬಿದ ಮೆತ್ತೆಗೆ ಬಗ್ಗುವುದರಿಂದ ಆಗುವ ಒತ್ತಾಯ ಹೆಚ್ಚು. ಎದ್ದೊಡನೆ ಬಗ್ಗುವ ಕೆಲಸಕ್ಕೆ ಇಳಿಯದೆ, ಮೊದಲ ಒಂದು ಗಂಟೆ ನಿಂತು ಮಾಡುವ ಕೆಲಸವನ್ನು ಮುಗಿಸಿಕೊಳ್ಳುವುದು ಒಳ್ಳೆಯದು. ಬಹಳ ಹೊತ್ತು ಬಗ್ಗಿದ ಮೇಲೆ ಅಸ್ಥಿಬಂಧಗಳು ಜಗ್ಗಿ ಸಡಿಲವಾಗಿರುತ್ತವೆ. ಸಾಲು ಮುಗಿದೊಡನೆ ಹೊರೆಗೆ ಕೈಹಾಕದೆ, ಎರಡು ನಿಮಿಷ ನೆಟ್ಟಗೆ ನಿಂತು, ಸೊಂಟದ ಮೇಲೆ ಕೈಯಿಟ್ಟು ಮೆಲ್ಲನೆ ಹಿಂದಕ್ಕೆ ಬಾಗಬೇಕು. ಹೊರೆಯನ್ನು ಮೊಣಕಾಲು ಮಡಿಸಿ, ಮೈಗೆ ಒತ್ತಿಹಿಡಿದು ಎತ್ತಬೇಕು. ಮೈಗೆ ಹತ್ತಿರವಾದಷ್ಟೂ ಸನ್ನೆಯ ತೋಳು ಗಿಡ್ಡವಾಗುವುದು. ಎಲೆ ಮುರಿಯುವವರೂ ಕಡ್ಡಿಗೆ ಎಲೆ ಕಟ್ಟುವವರೂ ಗಂಟೆಗೊಮ್ಮೆ ಕೆಲಸ ಬದಲಾಯಿಸಿಕೊಂಡರೆ ಇನ್ನೂ ಲೇಸು. ಇದಕ್ಕೆ ಹೊಲದೊಡೆಯರು ಒಪ್ಪಬೇಕಷ್ಟೆ.

ಲಕ್ಕಿಸೊಪ್ಪು ಕುದಿಸಿದ ಬಿಸಿನೀರನ್ನು ಸೊಂಟಕ್ಕೆ ಹುಯ್ಯುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಶಾಖದಿಂದ ಬಿಗಿದ ಸ್ನಾಯು ಸಡಿಲಗೊಂಡು ಕೆಲವು ದಿನ ನೋವು ತಗ್ಗುವುದು ಪರೀಕ್ಷೆಗಳಿಂದಲೂ ಕಂಡುಬಂದಿದೆ. ಚರ್ಮ ಸುಡದಂತೆ ಎಚ್ಚರವಿದ್ದರೆ ಸಾಕು.

ಇಂಥ ನೋವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಶಮನವಾಗುವುದು. ಆದರೆ ಕಾಲು ಜೋಮು ಹಿಡಿದು ಬಲಗುಂದಿದರೆ, ಮಲಮೂತ್ರಗಳ ಹತೋಟಿ ತಪ್ಪಿದರೆ, ಜ್ವರ ಜೊತೆಗೂಡಿದರೆ, ಅಥವಾ ಮರದಿಂದಲೋ ಅಟ್ಟದಿಂದಲೋ ಬಿದ್ದ ಮೇಲೆ ನೋವು ಬಂದಿದ್ದರೆ, ಮನೆಮದ್ದಿನಲ್ಲಿ ಕಾಲ ಕಳೆಯದೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.