ಹಳೆಯ ರೈಡ್ ಮತ್ತು ನಮ್ಮ ಭಾನುವಾರದ ವಂದನೆ

*ಇಂದಿನ ಧಮ್ಮ ಚಿಂತನೆ*



ಕಳೆದ ತಿಂಗಳು ನಮ್ಮ ಶಾಲೆಯ ಮಕ್ಕಳನ್ನು ಒಂದು ಅಮ್ಯೂಸ್‌ಮೆಂಟ್ ಪಾರ್ಕಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆ. ಬಸ್ಸು ಬೇಗ ತಲುಪಿತು, ಗೇಟು ಇನ್ನೂ ತೆರೆದಿರಲಿಲ್ಲ. ಒಳಗೆ ರೈಡ್‌ಗಳು ಮಾತ್ರ ತಿರುಗುತ್ತಿದ್ದವು, ಸೀಟುಗಳಲ್ಲಿ ಒಬ್ಬರೂ ಇಲ್ಲ. "ಸರ್, ಯಾರೂ ಇಲ್ದೆ ಸುಮ್ನೆ ಯಾಕೆ ಓಡಿಸ್ತಿದಾರೆ?" ಎಂದು ಒಬ್ಬ ಹುಡುಗಿ ಕೇಳಿದಳು. ಅಲ್ಲೇ ನಿಂತಿದ್ದ ಕೆಲಸಗಾರ ನಕ್ಕು, "ದಿನಾ ಮೊದ್ಲು ಖಾಲಿ ಓಡಿಸಿ ನೋಡ್ತೀವಮ್ಮ, ಆಮೇಲೇ ನಿಮ್ಮನ್ನ ಕೂರಿಸೋದು" ಎಂದ.

ಮಧ್ಯಾಹ್ನದ ಹೊತ್ತಿಗೆ ಮಕ್ಕಳು ಎರಡು ಗುಂಪಾದರು. ಮೊದಲ ಸಲ ಬಂದವರು ಎಲ್ಲದರಲ್ಲೂ ಕೂತು ಕಿರುಚಿ ಗಂಟಲು ಕಟ್ಟಿಸಿಕೊಂಡಿದ್ದರು. ಮೊದಲೇ ನೋಡಿದ್ದವರು ಮರದ ನೆರಳಲ್ಲಿ ಕೂತು, "ಇದೆಲ್ಲ ಹಳೇದು ಸರ್, ಹೊಸದೇನೂ ಬಂದಿಲ್ಲ" ಎನ್ನುತ್ತಿದ್ದರು. ರೈಡ್ ಅದೇ, ಬಿಸಿಲು ಅದೇ, ಟಿಕೆಟ್ಟಿನ ದುಡ್ಡೂ ಅಷ್ಟೇ.

ಈ ಮಾತು ನನ್ನ ತಲೆಯಲ್ಲಿ ಉಳಿದದ್ದಕ್ಕೆ ಬೇರೆ ಕಾರಣವಿದೆ. ಅದರ ಮುಂದಿನ ಭಾನುವಾರ ವಿಹಾರಕ್ಕೆ ಹೊರಟಾಗ ಒಂಬತ್ತನೇ ತರಗತಿಯ ನನ್ನ ಮಗ, "ಅಪ್ಪಾ, ಪ್ರತಿ ವಾರ ಅದೇ ವಂದನೆ, ಅದೇ ಪಂಚಶೀಲ. ನಾನು ಬರಲ್ಲ" ಎಂದುಬಿಟ್ಟ. ಗದರಿಸಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ಹಳೆಯದಾದ ಆಟ ಯಾಕೆ ಸಪ್ಪೆಯಾಗುತ್ತದೆ, ಕೆಲವು ಮಾತ್ರ ಯಾಕೆ ಸಪ್ಪೆಯಾಗುವುದಿಲ್ಲ ಎಂದು ಯೋಚಿಸತೊಡಗಿದೆ. ಇವತ್ತು ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

*ಎತ್ತರ ಉಳಿಯಲಿಲ್ಲ*

ಅಮೆರಿಕದ ನ್ಯೂಜೆರ್ಸಿಯ ಒಂದು ಪಾರ್ಕಿನಲ್ಲಿ 2005ರಲ್ಲಿ 'ಕಿಂಗ್ಡಾ ಕಾ' ಎಂಬ ರೋಲರ್ ಕೋಸ್ಟರ್ ಶುರುವಾಯಿತು. ಎತ್ತರ 456 ಅಡಿ. ಮೂರೂವರೆ ಸೆಕೆಂಡಿನಲ್ಲಿ ಗಂಟೆಗೆ 206 ಕಿಲೋಮೀಟರ್ ವೇಗ ಮುಟ್ಟುತ್ತಿತ್ತು. ಆಗ ಅದು ಪ್ರಪಂಚದಲ್ಲೇ ಅತಿ ಎತ್ತರದ, ಅತಿ ವೇಗದ ರೋಲರ್ ಕೋಸ್ಟರ್. 2010ರಲ್ಲಿ ಅಬುಧಾಬಿಯ ಇನ್ನೊಂದು ರೈಡ್ ವೇಗದ ಪಟ್ಟವನ್ನು ಕಿತ್ತುಕೊಂಡಿತು. ಎತ್ತರದ ಪಟ್ಟ ಕಡೆಯವರೆಗೂ ಇದರದ್ದೇ ಆಗಿತ್ತು. ಆದರೂ 2024ರ ನವೆಂಬರಿನಲ್ಲಿ ಅದನ್ನು ಮುಚ್ಚಿದರು, 2025ರ ಫೆಬ್ರವರಿಯಲ್ಲಿ ಸ್ಫೋಟಕ ಇಟ್ಟು ಕೆಡವಿದರು. ಅದರ ಜಾಗದಲ್ಲಿ ದಾಖಲೆ ಮುರಿಯುವ ಹೊಸ ರೈಡ್ ತರುತ್ತೇವೆ ಎಂದು ಪಾರ್ಕಿನವರು ಹೇಳಿದರು. ಇಪ್ಪತ್ತು ವರ್ಷವೂ ತುಂಬಲಿಲ್ಲ.

ಪಕ್ಕದ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ 'ಸೈಕ್ಲೋನ್' ಎಂಬ ಇನ್ನೊಂದು ರೋಲರ್ ಕೋಸ್ಟರ್ ಇದೆ. ಮರದ ಹಳಿ, ಎತ್ತರ ಬರೀ 85 ಅಡಿ. ಶುರುವಾದದ್ದು 1927ರ ಜೂನಿನಲ್ಲಿ, ಅಂದರೆ ಬಾಬಾಸಾಹೇಬರು ಮಹಾಡಿನ ಕೆರೆಯ ನೀರು ಮುಟ್ಟಿದ ವರ್ಷವೇ. 1970ರ ಆಸುಪಾಸಿನಲ್ಲಿ ಅದು ಪಾಳುಬಿದ್ದು, ಕೆಡವುವ ಮಾತೂ ನಡೆದಿತ್ತು. ಉಳಿಸಬೇಕೆಂದು ಜನ ನಿಂತರು. ದುರಸ್ತಿಯಾಗಿ 1975ರಲ್ಲಿ ಮತ್ತೆ ಓಡಿತು. 1988ರಲ್ಲಿ ನ್ಯೂಯಾರ್ಕ್ ನಗರ ಅದನ್ನು ಸಂರಕ್ಷಿತ ಹೆಗ್ಗುರುತು ಎಂದು ಘೋಷಿಸಿತು. ಸುಮಾರು ನೂರು ವರ್ಷವಾದರೂ ಜನ ಅದರಲ್ಲಿ ಕೂರಲು ಸಾಲು ನಿಲ್ಲುತ್ತಾರೆ.

ಇಲ್ಲಿ ಧಮ್ಮದ ಒಂದು ಪಾಠವಿದೆ. ಪಾಲಿಯಲ್ಲಿ 'ವೇದನಾ' ಎಂದರೆ ನಾವು ಕನ್ನಡದಲ್ಲಿ ಹೇಳುವ ನೋವಲ್ಲ. ಹಿತವೋ ಅಹಿತವೋ ಎರಡೂ ಅಲ್ಲದ್ದೋ, ಯಾವುದೇ ಅನುಭವ ವೇದನಾ. ಅದರ ಬೆನ್ನಿಗೇ ಬರುವುದು ತಣ್ಹಾ, ಅಂದರೆ ಇನ್ನೂ ಬೇಕೆನ್ನುವ ದಾಹ. ಮೊದಲ ಸಲ ಕೆಳಗೆ ಬಿದ್ದಾಗ ಎದೆ ಧಸಕ್ಕೆನ್ನುತ್ತದೆ. ಹತ್ತನೇ ಸಲಕ್ಕೆ ಮೈಗೆ ದಾರಿ ಗೊತ್ತಾಗಿರುತ್ತದೆ, ಎಲ್ಲಿ ತಿರುವು, ಎಲ್ಲಿ ಇಳಿತ ಎಂದು. ಭಯ ಹೋದ ಕಡೆ ರೋಮಾಂಚನವೂ ಹೋಗುತ್ತದೆ. ಆಗ ಮನಸ್ಸು ಇದಕ್ಕಿಂತ ಎತ್ತರದ್ದನ್ನು ಕೇಳುತ್ತದೆ. ರೈಡ್ ಹಳೆಯದಾಗುವ ಮೊದಲೇ ನಮ್ಮೊಳಗಿನ ರುಚಿ ಹಳೆಯದಾಗಿರುತ್ತದೆ. ಎತ್ತರವನ್ನೇ ನಂಬಿ ನಿಂತದ್ದಕ್ಕೆ ಇನ್ನೊಂದು ಎತ್ತರ ಬಂದೇ ಬರುತ್ತದೆ.

*ಹಲಗೆ ಬದಲಾಗುತ್ತದೆ, ಓಟ ಮುಂದುವರಿಯುತ್ತದೆ*

ಹಾಗಾದರೆ ಮರದ ಹಳಿಯ ಮುದಿ ರೈಡ್ ಉಳಿದದ್ದು ಹೇಗೆ? ಮರ ಬಿಸಿಲಿಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಚಕ್ರದ ಏಟಿಗೆ ಮೊಳೆ ಸಡಿಲವಾಗುತ್ತದೆ. ಆದ್ದರಿಂದ ಇಂಥ ರೈಡ್‌ಗಳಲ್ಲಿ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಕೆಲಸಗಾರರು ಹಳಿಯ ಉದ್ದಕ್ಕೂ ಕಾಲ್ನಡಿಗೆಯಲ್ಲಿ ಹೋಗಿ ಬೋಲ್ಟು, ಮೊಳೆ, ಹಲಗೆ ನೋಡುತ್ತಾರೆ. ಸಡಿಲವಾದದ್ದನ್ನು ಬಿಗಿಮಾಡುತ್ತಾರೆ, ಕೊಳೆತದ್ದನ್ನು ಕಿತ್ತು ಹೊಸದು ಹಾಕುತ್ತಾರೆ. ಆಮೇಲೆ ಖಾಲಿ ಬೋಗಿ ಓಡಿಸಿ ನೋಡುತ್ತಾರೆ. ವರ್ಷಗಳು ಕಳೆದಂತೆ ಹಳಿಯಲ್ಲಿ ಮೊದಲಿನ ಹಲಗೆ ಉಳಿದಿರುವುದೇ ಅಪರೂಪ.

ಮಿಲಿಂದ ರಾಜನಿಗೆ ನಾಗಸೇನ ಭಂತೇಜಿ ರಥವನ್ನು ತೋರಿಸಿ, ಚಕ್ರವೇ ರಥವೋ, ಅಚ್ಚೇ ರಥವೋ ಎಂದು ಕೇಳಿದ್ದು ನಿಮಗೆ ನೆನಪಿರಬಹುದು. ಭಾಗಗಳೆಲ್ಲ ಕೂಡಿದಾಗ ನಾವು ರಥ ಎನ್ನುತ್ತೇವೆ, ಒಳಗೆ ಬದಲಾಗದ ಬೇರೊಂದು ವಸ್ತು ಕೂತಿಲ್ಲ. ಸೈಕ್ಲೋನ್ ಕೂಡ ಹಾಗೆಯೇ. ಅದು ಅನಿಚ್ಚವನ್ನು ಗೆದ್ದು ಉಳಿದಿಲ್ಲ. ಅನಿಚ್ಚವನ್ನು ಒಪ್ಪಿಕೊಂಡು ದಿನಾ ಕೆಲಸ ಮಾಡುವವರು ಇರುವುದರಿಂದ ಉಳಿದಿದೆ. ಈ ದಿನನಿತ್ಯದ ಎಚ್ಚರಕ್ಕೆ ಬುದ್ಧರು ಕೊಟ್ಟ ಹೆಸರು ಅಪ್ಪಮಾದ. ಎಂಬತ್ತರ ವಯಸ್ಸಿನಲ್ಲಿ ತಮ್ಮ ದೇಹವನ್ನು ಅವರು ಕಟ್ಟು ಕಟ್ಟಿ ಓಡಿಸುವ ಹಳೆಯ ಬಂಡಿಗೆ ಹೋಲಿಸಿದ್ದರು. ಮುಪ್ಪನ್ನು ಮುಚ್ಚಿಡಲಿಲ್ಲ, ಹಾಗೆಂದು ನಡಿಗೆಯನ್ನೂ ನಿಲ್ಲಿಸಲಿಲ್ಲ.

*ಹಳೆಯದೆಂದು ತಪ್ಪನ್ನು ಇಟ್ಟುಕೊಳ್ಳಬೇಕೆ?*

ಇನ್ನೊಂದು ಉದಾಹರಣೆ ನೋಡಿ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ 1967ರಿಂದ ಕಡಲ್ಗಳ್ಳರ ಕಥೆಯ ಒಂದು ದೋಣಿ ರೈಡ್ ಇದೆ. ಅದರಲ್ಲಿ ಸೆರೆ ಸಿಕ್ಕ ಹೆಂಗಸರನ್ನು ಕಟ್ಟಿ ನಿಲ್ಲಿಸಿ ಹರಾಜು ಹಾಕುವ ದೃಶ್ಯವಿತ್ತು, ಅದೂ ತಮಾಷೆಯಾಗಿ. ಐವತ್ತು ವರ್ಷ ಜನ ಅದನ್ನು ನೋಡಿ ನಕ್ಕರು. 2018ರಲ್ಲಿ ಆ ದೃಶ್ಯವನ್ನು ಬದಲಿಸಿದರು. ಹಳೆಯದನ್ನು ಮುಟ್ಟಬೇಡಿ ಎಂದು ಕೆಲವರು ಸಿಟ್ಟಾದರು. ಆದರೆ ರೈಡ್ ನಿಲ್ಲಲಿಲ್ಲ, ದೋಣಿಗಳು ಇಂದಿಗೂ ತುಂಬಿ ಹೋಗುತ್ತಿವೆ. ಹರಾಜಿನ ಕಂಬಕ್ಕೆ ಕಟ್ಟಿಸಿಕೊಂಡವರ ನೋವು ಗೊತ್ತಿರುವ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಾಬಾಸಾಹೇಬರು ಮಾಡಿದ್ದೂ ಇಂಥದ್ದೇ, ಇದಕ್ಕಿಂತ ಬಹಳ ದೊಡ್ಡ ಕೆಲಸ. 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಅವರ ಧಮ್ಮ' ಗ್ರಂಥದಲ್ಲಿ ಅವರು ಒಂದು ಹಳೆಯ ಕಥೆಯನ್ನೇ ಪ್ರಶ್ನಿಸಿದರು. ಇಪ್ಪತ್ತೊಂಬತ್ತು ವರ್ಷದ ಸಿದ್ಧಾರ್ಥ ಅಲ್ಲಿಯವರೆಗೆ ರೋಗಿಯನ್ನು, ಮುದುಕನನ್ನು, ಹೆಣವನ್ನು ನೋಡಿಯೇ ಇರಲಿಲ್ಲ ಎಂಬುದು ಬುದ್ಧಿಗೆ ಒಪ್ಪುವ ಮಾತೇ ಎಂದು ಕೇಳಿದರು. ಅದರ ಬದಲಿಗೆ ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ನಡೆದ ಜಗಳವನ್ನು, ಯುದ್ಧ ಬೇಡವೆಂದ ಸಿದ್ಧಾರ್ಥನನ್ನು ಮುಂದಿಟ್ಟರು. ಕೊಳೆತ ಹಲಗೆ ಕಿತ್ತು ಗಟ್ಟಿ ಹಲಗೆ ಹಾಕಿದರು. ಅದಕ್ಕೇ ಆ ಹಳಿಯ ಮೇಲೆ ನಾವು ಭಯವಿಲ್ಲದೆ ಹೋಗುತ್ತಿದ್ದೇವೆ.

*ಮರದ ಕುದುರೆ ಮತ್ತು ಚವದಾರ ಕೆರೆ*

ಕಡೆಯದಾಗಿ ಒಂದು ಮೆರಿ ಗೋ ರೌಂಡ್ ಕಥೆ. ಬಾಲ್ಟಿಮೋರ್ ನಗರದ ಹತ್ತಿರ ಗ್ವಿನ್ ಓಕ್ ಎಂಬ ಪಾರ್ಕ್ ಇತ್ತು. ಅದರೊಳಗೆ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಹಲವು ವರ್ಷ ಪ್ರತಿಭಟನೆ ನಡೆಯಿತು. 1963ರ ಜುಲೈ 4ರಂದು ಪಾದ್ರಿಗಳೂ ಯಹೂದಿ ಧರ್ಮಗುರುಗಳೂ ಸೇರಿದಂತೆ ನೂರಾರು ಜನ ಬಂಧನಕ್ಕೊಳಗಾದರು. ಕೊನೆಗೆ ಅದೇ ವರ್ಷ ಆಗಸ್ಟ್ 28ರಂದು ಬಾಗಿಲು ಎಲ್ಲರಿಗೂ ತೆರೆಯಿತು. ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ಲಕ್ಷಾಂತರ ಜನರ ಮುಂದೆ ಮಾತಾಡಿದ ದಿನವೂ ಅದೇ. ಆ ದಿನ ಷರೊನ್ ಲ್ಯಾಂಗ್ಲಿ ಎಂಬ ಇನ್ನೂ ವರ್ಷ ತುಂಬದ ಕಪ್ಪು ಮಗು ಅಪ್ಪನ ಕೈ ಆಸರೆಯಲ್ಲಿ ಮರದ ಕುದುರೆಯ ಮೇಲೆ ಕೂತಿತು.

1972ರಲ್ಲಿ ಆಗ್ನೆಸ್ ಚಂಡಮಾರುತದ ನೆರೆಗೆ ಆ ಪಾರ್ಕ್ ಹಾಳಾಯಿತು. ಮೆರಿ ಗೋ ರೌಂಡ್ ಮಾತ್ರ ಉಳಿಯಿತು. 1981ರಲ್ಲಿ ಅದನ್ನು ರಾಜಧಾನಿ ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್‌ಗೆ ತಂದರು. ಅದರ ಒಂದು ಕುದುರೆಯ ಮೇಲೆ ಆ ಮಗುವಿನ ಹೆಸರು ಹಾಕಿದ್ದಾರೆ. ಇತ್ತೀಚೆಗೆ ಪೂರ್ತಿ ಬಿಚ್ಚಿ ದುರಸ್ತಿಗೂ ಕಳಿಸಿದ್ದರು.

ವೇಗದ ಲೆಕ್ಕದಲ್ಲಿ ಅದು ನಮ್ಮೂರ ಜಾತ್ರೆಯ ತೊಟ್ಟಿಲಿಗಿಂತ ಹೆಚ್ಚೇನಲ್ಲ. ಆದರೂ ಅದರ ಬೆಲೆ ಕಡಿಮೆಯಾಗಲಿಲ್ಲ, ಯಾಕೆಂದರೆ ಅದರಲ್ಲಿ ಕೂರುವುದು ಒಂದು ಹಕ್ಕಿನ ನೆನಪು. 1927ರ ಮಾರ್ಚ್ 20ರಂದು ನಮ್ಮ ಹಿರಿಯರು ಚವದಾರ ಕೆರೆಯಲ್ಲಿ ಕುಡಿದ ನೀರೂ ಅಂಥದ್ದೇ. ಆ ನೀರು ಕುಡಿಯದಿದ್ದರೆ ನಾವು ಸಾಯುವುದಿಲ್ಲ, ನಾವೂ ಮನುಷ್ಯರೆಂದು ಸಾರಲು ಬಂದಿದ್ದೇವೆ ಎಂಬುದು ಅದೇ ವರ್ಷದ ಡಿಸೆಂಬರಿನಲ್ಲಿ ಬಾಬಾಸಾಹೇಬರು ಆಡಿದ ಮಾತಿನ ಸಾರ. ಕೋರ್ಟಿನಲ್ಲಿ ಆ ಹಕ್ಕು ಗೆಲ್ಲಲು ಮತ್ತೆ ಹತ್ತು ವರ್ಷ, 1937ರವರೆಗೆ ಕಾಯಬೇಕಾಯಿತು.

*ನನ್ನ ಹಳಿಯ ಮೇಲೆ*

ಇಷ್ಟೆಲ್ಲ ಯೋಚಿಸಿ ಮಗನ ಹತ್ತಿರ ಕೂತೆ. "ವಂದನೆ ಯಾಕೆ ಬೇಡ ಅನ್ಸುತ್ತೆ, ಹೇಳಪ್ಪ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋದ ವರ್ಷ ಸ್ಕೂಟರ್ ತಗೊಳೋವಾಗ ರಾಹುಕಾಲ ಮುಗೀಲಿ ಅಂತ ಒಂದೂವರೆ ಗಂಟೆ ಶೋರೂಮಲ್ಲಿ ಕೂರಿಸಿದ್ರಲ್ಲಪ್ಪಾ. ಆ ಭಾನುವಾರಾನೂ ಪ್ರತಿಜ್ಞೆ ಓದಿದ್ವಿ" ಎಂದ.

ಬಂಧುಗಳೇ, ನನ್ನ ಬಳಿ ಉತ್ತರವಿರಲಿಲ್ಲ. ಜೊತೆಗೆ ಬಂದಿದ್ದ ನೆಂಟರ ಬಾಯಿಗೆ ಹೆದರಿ ಕಾದಿದ್ದೆ ಎಂಬುದು ನಿಜ. ರಾಹುಕಾಲ ಎಂಬ ಪದ 22 ಪ್ರತಿಜ್ಞೆಗಳಲ್ಲಿ ಇಲ್ಲ ಎಂಬುದೂ ನಿಜ. ಆದರೆ ಆ ಪ್ರತಿಜ್ಞೆಗಳು ಯಾವ ಕತ್ತಲೆಯಿಂದ ನಮ್ಮನ್ನು ಹೊರಗೆ ತಂದವೋ ಅದೇ ಕತ್ತಲೆಯಲ್ಲಿ ನಾನು ಒಂದೂವರೆ ಗಂಟೆ ಕೂತಿದ್ದೆ, ಮಗನನ್ನೂ ಕೂರಿಸಿಕೊಂಡಿದ್ದೆ. ಅವನಿಗೆ ವಂದನೆ ಹಳೆಯದಾಗಿರಲಿಲ್ಲ. ಹಳಿಯಲ್ಲಿ ಕೊಳೆತ ಹಲಗೆ ಇರುವುದು ಅವನ ಕಣ್ಣಿಗೆ ಬಿದ್ದಿತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ತಪ್ಪಾಯ್ತು ಕಣಪ್ಪ" ಎಂದೆ. ಅವನಿಗೆ ಮಹಾಡಿನ ಕಥೆಯನ್ನೂ ಆ ಮರದ ಕುದುರೆಯ ಕಥೆಯನ್ನೂ ಹೇಳಿದೆ. ಮುಂದಿನ ಭಾನುವಾರ ಬರುತ್ತೇನೆಂದು ಅವನೇನೂ ಮಾತು ಕೊಡಲಿಲ್ಲ. "ಆ ಮಗು ಈಗ ಎಲ್ಲಿದೆ?" ಎಂದು ಮಾತ್ರ ಕೇಳಿದ. ಇಬ್ಬರೂ ಕೂತು ಮೊಬೈಲಿನಲ್ಲಿ ಹುಡುಕಿದೆವು. ಆ ಮಗು ದೊಡ್ಡವರಾಗಿ ಆ ದಿನದ ಬಗ್ಗೆ ಮಕ್ಕಳಿಗಾಗಿ ಒಂದು ಪುಸ್ತಕವನ್ನೇ ಬರೆದಿದ್ದಾರೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದವರ ಎದೆಯಲ್ಲಿ ಇದ್ದ ರೋಮಾಂಚನವನ್ನು ನಮ್ಮ ಮಕ್ಕಳಿಗೆ ಹಾಗೆಯೇ ದಾಟಿಸಲು ಆಗುವುದಿಲ್ಲ. ವೇದನಾ ದಾಟುವ ವಸ್ತುವಲ್ಲ. ದೊಡ್ಡ ಪೆಂಡಾಲು, ಡಿ.ಜೆ., ಲೈಟಿಂಗು ಹಾಕಿ ಪ್ರತಿ ವರ್ಷ ಎತ್ತರ ಹೆಚ್ಚಿಸುತ್ತಾ ಹೋದರೂ ಅದು ಬರುವುದಿಲ್ಲ. ದಾಟಿಸಬಹುದಾದದ್ದು ಎರಡು: ಈ ಹಕ್ಕು ಹೇಗೆ ಬಂತು ಎಂಬ ನೆನಪು, ಮತ್ತು ದಿನಾ ಬೆಳಿಗ್ಗೆ ಹಳಿಯ ಮೇಲೆ ನಡೆದು ನೋಡುವ ಅಭ್ಯಾಸ.

*ಇಂದಿನ ಅಭ್ಯಾಸ*

1. ಇಂದು ಪಂಚಶೀಲ ಹೇಳುವಾಗ ಒಂದೊಂದು ಶೀಲದ ನಂತರ ಒಂದು ಉಸಿರು ನಿಲ್ಲಿ. ನಿನ್ನೆ ಅದು ಎಲ್ಲಿ ಸಡಿಲವಾಯಿತು ಎಂದು ನೋಡಿಕೊಳ್ಳಿ.

2. 22 ಪ್ರತಿಜ್ಞೆಗಳಲ್ಲಿ ಒಂದನ್ನು ಆರಿಸಿಕೊಂಡು, ಮನೆಯಲ್ಲಿ ಅದು ಬರೀ ಬಾಯಿಮಾತಾಗಿದೆಯೇ ಎಂದು ಮಕ್ಕಳನ್ನೇ ಕೇಳಿ. ಅವರು ಹೇಳುವಾಗ ನಡುವೆ ಬಾಯಿ ಹಾಕಬೇಡಿ.

3. ನಿಮ್ಮ ಮನೆಯಲ್ಲಿ ಮೊದಲು ದೀಕ್ಷೆ ಪಡೆದವರು ಯಾರು, ಯಾಕೆ ಪಡೆದರು ಎಂಬುದನ್ನು ಈ ವಾರ ಒಬ್ಬ ಮಗುವಿಗಾದರೂ ಹೇಳಿ.

ಎಲ್ಲರಿಗೂ ಮಂಗಳವಾಗಲಿ.
ಜೈ ಭೀಮ್, ನಮೋ ಬುದ್ಧಾಯ.